ಅಪ್‌ಡೇಟ್: ತಮ್ಮನ ಕಾಲಿನ ಊತಕ್ಕೂ ಕೊಲೈಟಿಸ್‌ಗೂ ಸಂಬಂಧವಿತ್ತು

ಡೊಂಬಿವಲಿಯಿಂದ ಮತ್ತೆ ಬರೆಯುತ್ತಿದ್ದೇನೆ. ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಉರಿಯೂತದ ಕಾಯಿಲೆ) ಉಲ್ಬಣಿಸಿ ಮಲದಲ್ಲಿ ರಕ್ತ ಹೋಗುತ್ತಿದ್ದ ತಮ್ಮನಿಗೆ ಎಡಗಾಲು ಊದಿಕೊಂಡಿದೆ, ಇವೆರಡಕ್ಕೂ ನಂಟಿದೆಯೇ ಎಂದು ಕೇಳಿದ್ದೆ. ಇದೆ. "ನಾಳೆಗೆ ಇಡಬೇಡಿ, ಇಂದೇ ತೋರಿಸಿ" ಎಂದು ಬರೆದ ಅಕ್ಕನವರಿಗೆ ನಮ್ಮ ಮನೆಯವರೆಲ್ಲರ ನಮಸ್ಕಾರ.

ಡಾಪ್ಲರ್ ಪರೀಕ್ಷೆಯಲ್ಲಿ (ರಕ್ತನಾಳಗಳ ಅಲ್ಟ್ರಾಸೌಂಡ್ ಸ್ಕ್ಯಾನ್) ಮಂಡಿಯ ಹಿಂಭಾಗವನ್ನು ಒತ್ತಿದಾಗ ಅಭಿಧಮನಿ ಚಪ್ಪಟೆಯಾಗಬೇಕಿತ್ತು, ಆಗಲಿಲ್ಲ. ಒಳಗೆ ರಕ್ತ ಹೆಪ್ಪುಗಟ್ಟಿತ್ತು.

ರಕ್ತ ಹೋಗುತ್ತಿರುವವನಿಗೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಚುಚ್ಚುಮದ್ದೇ ಎಂದು ಅಮ್ಮ ಹೌಹಾರಿದರು. ವೈದ್ಯರು ಬೇಸರಿಸದೆ ಬಿಡಿಸಿ ಹೇಳಿದರು: ಉರಿಯೂತ ಕರುಳಲ್ಲಿದ್ದರೂ ಅದರ ಪರಿಣಾಮ ಇಡೀ ದೇಹದ ರಕ್ತದ ಮೇಲೆ, ಕೊಲೈಟಿಸ್ ಅಥವಾ ಕ್ರೋನ್ಸ್ (ಕರುಳಿನ ಇನ್ನೊಂದು ಉರಿಯೂತದ ಕಾಯಿಲೆ) ಇರುವವರಿಗೆ ಹೆಪ್ಪುಗಟ್ಟುವ ಅಪಾಯ ಇತರರಿಗಿಂತ ಸುಮಾರು 2ರಿಂದ 3 ಪಟ್ಟು, ಉಲ್ಬಣಿಸಿದಾಗ ಇನ್ನೂ ಹೆಚ್ಚು. ಸ್ಟಿರಾಯ್ಡ್, ಭೇದಿಯಿಂದ ನೀರಿನಂಶ ಇಳಿಯುವುದು, ಹಾಸಿಗೆ ಹಿಡಿಯುವುದು ಎಲ್ಲವೂ ಅದಕ್ಕೆ ಕೂಡಿಕೊಳ್ಳುತ್ತವೆ. ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು. ರಕ್ತಸ್ರಾವ ತೀವ್ರವಾಗಿಲ್ಲದಿದ್ದರೆ ಹೆಪಾರಿನ್ ಕೊಡಲು ಹಿಂಜರಿಯಬೇಕಿಲ್ಲವಂತೆ.

ಹೊಟ್ಟೆಯ ಚರ್ಮದಡಿ ಕೊಟ್ಟ ಚುಚ್ಚುಮದ್ದಿನ ನೀಲಿ ಕಲೆಗಳು ಇನ್ನೂ ಇವೆ. ಆದರೆ ಮಲದ ರಕ್ತ ಹೆಚ್ಚಲಿಲ್ಲ. ಉರಿಯೂತ ತಗ್ಗಿದಂತೆ ಕಡಿಮೆಯೇ ಆಯಿತು. ಈಗ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ, ಕನಿಷ್ಠ 3 ತಿಂಗಳು. ಊತ ಇಳಿದಿದೆ, ಮೆಟ್ಟಿಲು ಹತ್ತುತ್ತಿದ್ದಾನೆ.