ಹೂಮಳೆಗೆ ಮುಂಚೆ ಡಬ್ಬ ಮುಚ್ಚಿ: ಸೀಮಿತ ಮುದ್ರಣದ ಪುಸ್ತಕ, ಸಹಿ ಇರುವ ಪತ್ರಗಳ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ಮಡಿಕೇರಿ): ಮೇಡಂ, ನಂಬರ್ ಹಾಕಿ ಲೇಖಕರು ಸಹಿ ಮಾಡಿದ, ಬಟ್ಟೆ ಬೈಂಡಿನ ಒಂದಷ್ಟು ಪುಸ್ತಕಗಳಿವೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿಯೇ ಇಡುತ್ತೇನೆ. ಆದರೂ ಕಕ್ಕಡ (ಜುಲೈ–ಆಗಸ್ಟ್‌ನ ಮಳೆ ತಿಂಗಳು) ಕಳೆಯುವಷ್ಟರಲ್ಲಿ ಬೆನ್ನಿನ ಮೇಲೆ ಬಿಳಿ ಬೂಷ್ಟು. ಜೆಲ್ ಕಳಪೆಯೇ?

ಉತ್ತರ (ಪುಸ್ತಕ ಸಂರಕ್ಷಕರು): ಡಬ್ಬ ಯಾವ ತಿಂಗಳಲ್ಲಿ ಮುಚ್ಚುತ್ತೀರಿ ಸರ್?

ಮಡಿಕೇರಿ: ಮಳೆ ಹಿಡಿದ ಮೇಲೆ, ಜೂನ್‌ನಲ್ಲಿ.

ಉತ್ತರ: ಹಾಗಾದರೆ ಜೆಲ್ ಸರಿಯಾಗಿಯೇ ಇದೆ, ತಿಂಗಳು ಸರಿಯಿಲ್ಲ. ಗಾಳಿಯ ತೇವಾಂಶ ಶೇ. 80 ದಾಟಿದಾಗ ಕಾಗದ ತನ್ನ ತೂಕದ ಹತ್ತನೇ ಒಂದು ಭಾಗದಷ್ಟು ನೀರನ್ನು ಒಳಗೆ ಎಳೆದುಕೊಂಡಿರುತ್ತದೆ. ಗಾಳಿಯ ತೇವಾಂಶ ಶೇ. 50 ಇದ್ದಾಗ ಅದು ತೂಕದ ಶೇ. 6–7ಕ್ಕೆ ಇಳಿಯುತ್ತದೆ. ಅಂದರೆ ಜೂನ್‌ನಲ್ಲಿ ಮುಚ್ಚಿದ 10 ಕೆ.ಜಿ. ಪುಸ್ತಕದಿಂದ ಸುಮಾರು 300 ಗ್ರಾಂ ನೀರು ಹೊರಗೆ ಬರಬೇಕು. ಶೇ. 50ರ ತೇವಾಂಶದಲ್ಲಿ ಜೆಲ್ ಹೀರುವುದು ತನ್ನ ತೂಕದ ಸುಮಾರು ಕಾಲು ಭಾಗ. ಒಂದು ಕಿಲೋಗೂ ಮಿಕ್ಕಿ ಜೆಲ್ ಬೇಕಾದ ಕಡೆ ಐದು ಗ್ರಾಂ ಪೊಟ್ಟಣ ಏನು ಮಾಡೀತು? ತಿರುಳು ತೆಗೆದ, ಸರಿಯಾಗಿ ಒಣಗದ ಪಾರ್ಚ್‌ಮೆಂಟ್ ಕಾಫಿ ಬೀಜವನ್ನು ಚೀಲ ಕಟ್ಟಿದ ಹಾಗೇ ಇದು.

ಜನವರಿ ಕೊನೆಯಿಂದ, ಕಾಫಿ ಹೂ ಅರಳಿಸುವ ಹೂಮಳೆ ಬೀಳುವವರೆಗಿನ ಒಣ ದಿನಗಳಲ್ಲಿ ಪುಸ್ತಕಗಳನ್ನು ಸ್ವಲ್ಪ ಬಿಡಿಸಿ, ನೆರಳಿನಲ್ಲಿ ನೆಟ್ಟಗೆ ನಿಲ್ಲಿಸಿ, ಸಣ್ಣಗೆ ಫ್ಯಾನ್ ಹಾಕಿ ಒಂದು ವಾರ ಬಿಡಿ. ಕಣದಲ್ಲಿ ಬಿಸಿಲಿಗೆ ಹರಡಬೇಡಿ, ಬಟ್ಟೆಯ ಬಣ್ಣ ಹೋಗಿ ರಟ್ಟು ಬಾಗುತ್ತದೆ. ಡಬ್ಬಕ್ಕೆ ರಬ್ಬರ್ ವಾಷರ್ ಇರುವ ಮುಚ್ಚಳ ಬೇಕು. ಮೂವತ್ತು ಲೀಟರಿನ ಡಬ್ಬಕ್ಕೆ ಅರ್ಧ ಕಿಲೋ ಜೆಲ್ ಅನ್ನು ಬಟ್ಟೆ ಚೀಲದಲ್ಲಿ ಕಟ್ಟಿಡಿ, ಪುಸ್ತಕಕ್ಕೆ ತಾಗದಿರಲಿ. ಜೊತೆಗೆ ತೇವಾಂಶ ಅಳೆಯುವ ಒಂದು ಪುಟ್ಟ ಡಿಜಿಟಲ್ ಹೈಗ್ರೋಮೀಟರ್. ಅದು 45ರಿಂದ 55ರೊಳಗೆ ಇದ್ದರೆ ಡಬ್ಬ ತೆರೆಯಲೇಬೇಡಿ. 65 ದಾಟಿದರೆ ಬೂಷ್ಟಿಗೆ ದಾರಿಯಾಯಿತು. 35ಕ್ಕಿಂತ ಕೆಳಗಿಳಿದರೆ ಅಂಟು ಒಣಗಿ ಬಿರುಕು ಬಿಡುತ್ತದೆ, ಜೆಲ್ ಕಮ್ಮಿ ಮಾಡಿ. ಕಿತ್ತಳೆ ಬಣ್ಣದ ಜೆಲ್ ಹಸಿರಾದಾಗ ಸ್ಟೀಲ್ ತಟ್ಟೆಯಲ್ಲಿ ಹರಡಿ, ಓವನ್‌ನಲ್ಲಿ 110–120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಇಟ್ಟರೆ ಮತ್ತೆ ಕೆಲಸಕ್ಕೆ ಬರುತ್ತದೆ. ನೀಲಿ ಜೆಲ್ ಬೇಡ, ಅದರಲ್ಲಿರುವ ಕೋಬಾಲ್ಟ್ ಕ್ಲೋರೈಡ್ ವಿಷ.

ಈಗಾಗಲೇ ಬೂಷ್ಟು ಹಿಡಿದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬೀಜಕಣ ನೇಯ್ಗೆಯೊಳಗೆ ಇಳಿಯುತ್ತದೆ. ಬೇರೆ ಇಟ್ಟು, ಪೂರ್ತಿ ಒಣಗಿದ ಮೇಲೆ ಎನ್‌95 ಮಾಸ್ಕ್ ಹಾಕಿಕೊಂಡು ಮನೆಯ ಹೊರಗೆ ಮೃದು ಬ್ರಷ್‌ನಲ್ಲಿ ಝಾಡಿಸಿ.

ಪ್ರಶ್ನೆ (ಸೋಮವಾರಪೇಟೆ): ಗಾಳಿಯ ತೇವ ಎಳೆಯುವ ಡಿಹ್ಯುಮಿಡಿಫೈಯರ್ ಯಂತ್ರ ಕೊಂಡರೆ ಈ ಡಬ್ಬದ ತಾಪತ್ರಯವೇ ಇಲ್ಲವಲ್ಲ? ಹಿಂದಿನವರು ಒಲೆಯ ಮೇಲಿನ ಅಟ್ಟದಲ್ಲೂ ಇಡುತ್ತಿದ್ದರು.

ಉತ್ತರ: ಯಂತ್ರದ ಮೇಲೆ ದಿನಕ್ಕೆ 20 ಲೀಟರ್ ಎಂದು ಬರೆದಿರುವುದು ಸಾಮಾನ್ಯವಾಗಿ 30 ಡಿಗ್ರಿ ಬಿಸಿ, ಶೇ. 80 ತೇವದ ಲೆಕ್ಕ. ನಮ್ಮ ಜುಲೈ ಚಳಿಯಲ್ಲಿ ಕಂಪ್ರೆಸರ್ ಯಂತ್ರ ಅದಕ್ಕಿಂತ ಬಹಳ ಕಡಿಮೆ ಎಳೆಯುತ್ತದೆ. ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲದಿದ್ದರೆ ಅಷ್ಟೂ ಇಲ್ಲ. ಇರಲಿ, ಆದರೆ ಅದನ್ನೇ ನಂಬಬೇಡಿ. ಅಟ್ಟದ ಹೊಗೆ ಕಾಗದಕ್ಕೆ ಜಿಡ್ಡು, ಆಮ್ಲ ಎರಡನ್ನೂ ಹತ್ತಿಸುತ್ತದೆ.

ಪ್ರಶ್ನೆ (ಪೊನ್ನಂಪೇಟೆ): ಅಕ್ಕ, ಪತ್ರಗಳನ್ನು ಲ್ಯಾಮಿನೇಟ್ ಮಾಡಿಸಲೇ? ಹುಳಕ್ಕೆ ನುಸಿಗುಳಿಗೆ?

ಉತ್ತರ: ಎರಡೂ ಬೇಡ. ಲ್ಯಾಮಿನೇಷನ್ ಬಿಸಿಗೆ ಕರಗಿ ಕಾಗದಕ್ಕೆ ಅಂಟುತ್ತದೆ, ಆಮೇಲೆ ಬಿಡಿಸಲಾಗದು, ಕೊಳ್ಳುವವರ ಕಣ್ಣಲ್ಲಿ ಬೆಲೆಯೂ ಉಳಿಯದು. ಸೆಲ್ಲೋಟೇಪ್, ಪಿನ್ನು, ಪಿವಿಸಿ ಆಲ್ಬಂ ಕೂಡ ಶತ್ರುಗಳೇ. ಪಾಲಿಯೆಸ್ಟರ್ ಹಾಳೆಯ ಕವರ್, ಹಿಂದೆ ಆಮ್ಲರಹಿತ ಕಾಗದ, ಮಡಿಕೆ ಬಿಡಿಸಿ ಮಲಗಿಸಿಡಿ. ಹುಳ ಇದೆ ಎಂಬ ಅನುಮಾನವಿದ್ದರೆ ಪುಸ್ತಕವನ್ನು ಎರಡು ಪಾಲಿಥಿನ್ ಚೀಲದಲ್ಲಿ ಗಾಳಿ ಹೊರಗೆ ಒತ್ತಿ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಒಂದು ಇಡೀ ದಿನ ಚೀಲ ಬಿಚ್ಚಬಾರದು, ಬಿಚ್ಚಿದರೆ ತಣ್ಣನೆಯ ರಟ್ಟಿನ ಮೇಲೆ ನೀರು ಕೂರುತ್ತದೆ.

ಪ್ರಶ್ನೆ (ಕುಶಾಲನಗರ): ಹೆಸರಾಂತ ಸಾಹಿತಿಯೊಬ್ಬರ 1955ರ ಪತ್ರ, ಲಕೋಟೆ ಸಮೇತ ಮಾರಾಟಕ್ಕಿದೆ. ಸಹಿ ಅಸಲಿಯೇ ಎಂದು ನೋಡುವುದು ಹೇಗೆ?

ಉತ್ತರ: ಸಹಿಯನ್ನು ಕೊನೆಗೆ ನೋಡಿ. ಮೊದಲು ಅಂಚೆಯ ಕಾಲಲೆಕ್ಕ. ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್ 1ಕ್ಕೆ. 1955ರ ಲಕೋಟೆಯ ಸ್ಟಾಂಪು ಹಳೆಯ ಆಣೆ, ಪೈ ಲೆಕ್ಕದಲ್ಲಿರಬೇಕು, ನಯಾ ಪೈಸೆಯಲ್ಲಿ ಅಲ್ಲ. ಪಿನ್‌ಕೋಡ್ ಶುರುವಾದದ್ದು 1972ರ ಆಗಸ್ಟ್ 15ಕ್ಕೆ. 1956ರ ನವೆಂಬರ್‌ವರೆಗೆ ಕೊಡಗು ಪ್ರತ್ಯೇಕ ರಾಜ್ಯ. ಕರ್ನಾಟಕ ಎಂಬುದು ರಾಜ್ಯದ ಹೆಸರಾದದ್ದು 1973ರಲ್ಲಿ. ಲೆಟರ್‌ಹೆಡ್‌ನ ವಿಳಾಸ ಇದಕ್ಕೆ ಹೊಂದುತ್ತದೆಯೇ? ಲಕೋಟೆ ಅಸಲಿಯಾಗಿದ್ದು ಒಳಗಿನ ಹಾಳೆ ನಕಲಿ ಇರುವುದೂ ಉಂಟು, ಹಾಗಾಗಿ ಮಡಿಕೆ ಲಕೋಟೆಯ ಅಳತೆಗೆ ಕೂರುತ್ತದೆಯೇ ಎಂದು ಪರೀಕ್ಷಿಸಿ.

ಆಮೇಲೆ ಹತ್ತು ಪಟ್ಟು ಭೂತಗನ್ನಡಿ. ಸಹಿಯಲ್ಲಿ ಚುಕ್ಕೆಚುಕ್ಕೆ ಕಂಡರೆ ಅದು ಅಚ್ಚು. ಗೆರೆ ಉದ್ದಕ್ಕೂ ಒಂದೇ ದಪ್ಪ, ನಡುಗು, ಶುರು ಮತ್ತು ಕೊನೆ ಮೊಂಡಾಗಿದ್ದರೆ ನೋಡಿ ನೋಡಿ ನಿಧಾನ ಬಿಡಿಸಿದ್ದು. ಶಾಯಿ ಮಡಿಕೆ ದಾಟುವ ಕಡೆ ಮುರಿದ ನಾರಿನೊಳಗೆ ಹರಡಿದ್ದರೆ ಕಾಗದ ಮಡಚಿದ ಮೇಲೆ ಬರೆದದ್ದು, ಬಹಳ ಅನುಮಾನಾಸ್ಪದ. 365 ನ್ಯಾನೋಮೀಟರಿನ ಅಲ್ಟ್ರಾವಯಲೆಟ್ ಟಾರ್ಚಿಗೆ ಹಾಳೆ ನೀಲಿ ಬಿಳುಪಾಗಿ ಹೊಳೆದರೆ ಅದರಲ್ಲಿ ಬಿಳುಪುಕಾರಕವಿದೆ. ಇವು ಕಾಗದಕ್ಕೆ ಬಂದದ್ದು ಹೆಚ್ಚುಕಡಿಮೆ 1950ರ ಆಸುಪಾಸು. 1935ರ ಪತ್ರವನ್ನು ಇದರಿಂದ ತಳ್ಳಿಹಾಕಬಹುದು, 1955ರದ್ದನ್ನು ಬರೀ ಇದರಿಂದ ಅಲ್ಲ. ಹೋಲಿಸುವುದಾದರೆ ಅದೇ ದಶಕದ ನಾಲ್ಕೈದು ಸಹಿ ಬೇಕು. ಮುಪ್ಪಿನ ಸಹಿ ಬೇರೆಯೇ ಇರುತ್ತದೆ.

ಪುಸ್ತಕಕ್ಕೂ ಒಂದು ಮಾತು. 1870ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾದ ರಿಕ್ಟರ್ ಅವರ ಕೊಡಗು ಕೈಪಿಡಿಯಂಥದ್ದು ಸಿಕ್ಕಿದರೆ ಶೀರ್ಷಿಕೆ ಪುಟದ ಇಸವಿ ಒಂದನ್ನೇ ನಂಬಬೇಡಿ, ಫೋಟೊ ಆಫ್‌ಸೆಟ್ ಮರುಮುದ್ರಣ ಹಳೆಯ ಪುಟವನ್ನೇ ಇಟ್ಟುಕೊಳ್ಳಬಹುದು. ಅಚ್ಚುಮೊಳೆ ಜೋಡಿಸಿ ಅಚ್ಚು ಹಾಕಿದ ಪುಟದ ಹಿಂಬದಿಯಲ್ಲಿ ಅಕ್ಷರದ ಒತ್ತು ಸಾಮಾನ್ಯವಾಗಿ ಬೆರಳಿಗೆ ತಾಗುತ್ತದೆ, ಆಫ್‌ಸೆಟ್‌ನಲ್ಲಿ ತಾಗದು.

ಕುಶಾಲನಗರ: ಕೊಂಡರೆ ಪೂರ್ತಿ ಪತ್ರವನ್ನು ಪ್ರಕಟಿಸಬಹುದೇ? ಅಮೆರಿಕದ ತಂಗಿಗೆ ಕಳಿಸುವ ಯೋಚನೆಯೂ ಇದೆ.

ಉತ್ತರ: ಕಾಗದ ನಿಮ್ಮದಾಗುತ್ತದೆ, ಬರಹದ ಹಕ್ಕು ಆಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಲೇಖಕರ ಜೀವಿತ ಮತ್ತು ಆಮೇಲಿನ 60 ವರ್ಷ. ಬದುಕಿದ್ದಾಗ ಪ್ರಕಟವಾಗದ ಬರಹವಾದರೆ ಮೊದಲು ಪ್ರಕಟವಾದಲ್ಲಿಂದ 60. ವಾರಸುದಾರರಿಂದ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ. ಇನ್ನು ಸಾಹಿತ್ಯಿಕ ಮಹತ್ವದ ಹಸ್ತಪ್ರತಿ, ದಾಖಲೆಗೆ 75 ವರ್ಷ ತುಂಬಿದರೆ 1972ರ ಪುರಾತನ ವಸ್ತು ಕಾಯ್ದೆಯ ಪ್ರಕಾರ ಅದು ಪುರಾತನ ವಸ್ತು. ಅದನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. 1955ಕ್ಕೆ 75 ಸೇರಿಸಿ ನೀವೇ ನೋಡಿಕೊಳ್ಳಿ. ತಂಗಿಗೆ ಒಳ್ಳೆಯ ಸ್ಕ್ಯಾನ್ ಸಾಕು, 600 ಡಿಪಿಐ, ಟಿಫ್ ಫೈಲು.