ಅಪ್‌ಡೇಟ್: ಪುಟ್ಟ ಸ್ಟೀರಿಯೊದಲ್ಲಿ ಕಾಣೆಯಾಗಿದ್ದ ಬೇಸ್ ಮರಳಿ ಬಂದಿತು

ಹೊಸದಾಗಿ ಜೋಡಿಸಿದ ಪುಟ್ಟ ಸ್ಟೀರಿಯೊದಲ್ಲಿ ಬೇಸ್ (ಮಂದ್ರ ಸ್ವರಗಳ ದನಿ) ತೀರ ಕ್ಷೀಣವಾಗಿದೆ, ಗಾಯಕರ ದನಿ ಯಾವ ದಿಕ್ಕಿನಿಂದ ಬರುತ್ತಿದೆ ಎಂಬುದೇ ತಿಳಿಯುತ್ತಿಲ್ಲ ಎಂದು ಕಳೆದ ವಾರ ಕೇಳಿದ್ದೆ. ಸಲಹೆಯಂತೆ ಬೇಸ್ ಗುಂಡಿಯನ್ನು ಪೂರ್ತಿ ಏರಿಸಿದಾಗ ದನಿ ಒಡೆಯಿತೇ ಹೊರತು ಗುಣ ಕಾಣಲಿಲ್ಲ. ಸ್ಪೀಕರ್‌ಗಳನ್ನು ಗೋಡೆಯ ಹತ್ತಿರಕ್ಕೆ ಸರಿಸಿದರೂ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ.

ಕೊನೆಗೆ ಫಲ ಕೊಟ್ಟದ್ದು, ತಂತಿಗಳ ಪ್ಲಸ್ ಮೈನಸ್ ನೋಡಿ ಎಂದು ಒಬ್ಬರು ಒಂದೇ ಸಾಲಿನಲ್ಲಿ ಬರೆದಿದ್ದ, ನಾನು ಮೊದಲು ಕಡೆಗಣಿಸಿದ್ದ ಸಲಹೆ. ಎಡ ಸ್ಪೀಕರ್‌ನ ತಂತಿಗಳನ್ನು ಕೆಂಪು ಕಪ್ಪು ಅದಲುಬದಲಾಗಿ ಸಿಕ್ಕಿಸಿದ್ದೆ. ಹೀಗಾದಾಗ ಒಂದು ಸ್ಪೀಕರ್‌ನ ಕೋನ್ (ಕಂಪಿಸಿ ದನಿ ಹೊರಡಿಸುವ ಶಂಕುವಿನಾಕಾರದ ಭಾಗ) ಮುಂದಕ್ಕೆ ಬರುವ ಕ್ಷಣದಲ್ಲೇ ಇನ್ನೊಂದರದು ಹಿಂದಕ್ಕೆ ಸರಿಯುವುದರಿಂದ, ಉದ್ದನೆಯ ತರಂಗಗಳಿರುವ ಮಂದ್ರ ಸ್ವರಗಳು ಕೋಣೆಯಲ್ಲಿ ಬಹುಮಟ್ಟಿಗೆ ಒಂದನ್ನೊಂದು ಅಳಿಸಿಹಾಕುತ್ತವೆ. ಪ್ಲಗ್ ತೆಗೆದು ತಂತಿಗಳನ್ನು ಸರಿಪಡಿಸಿದ ಮೇಲೆ ಬೇಸ್ ತುಂಬಿ ಬಂದಿತು, ಗಾಯಕರ ದನಿಯೂ ಎರಡು ಸ್ಪೀಕರ್‌ಗಳ ನಟ್ಟನಡುವೆ ಬಂದು ನಿಂತಿತು.

ಅಚ್ಚರಿಯೆಂದರೆ, ಎರಡನ್ನೂ ತಿರುವುಮುರುವಾಗಿ ಜೋಡಿಸಿದ್ದರೆ ಈ ತೊಂದರೆಯೇ ಬರುತ್ತಿರಲಿಲ್ಲ; ಅರ್ಧ ತಪ್ಪು ಮಾಡಿದ್ದೇ ನನಗೆ ಮುಳುವಾಯಿತು. ತಂತಿಯಲ್ಲಿ ಬಣ್ಣವಾಗಲಿ ಗೆರೆಯಾಗಲಿ ಇಲ್ಲದಿದ್ದರೆ, ಅದನ್ನು ಆಂಪ್ಲಿಫೈಯರ್‌ನಿಂದ ಬಿಡಿಸಿ, ತುದಿಗಳನ್ನು 1.5 ವೋಲ್ಟ್ ಸೆಲ್‌ಗೆ ಅರೆಕ್ಷಣ ಮುಟ್ಟಿಸಿ ನೋಡಬಹುದು: ದೊಡ್ಡ ಕೋನ್ ಹೊರಕ್ಕೆ ಚಲಿಸಿದರೆ, ಸೆಲ್‌ನ ಪ್ಲಸ್‌ಗೆ ತಾಗಿರುವ ತಂತಿಯೇ ಸಾಮಾನ್ಯವಾಗಿ ಕೆಂಪು ಟರ್ಮಿನಲ್‌ಗೆ ಸೇರಬೇಕಾದದ್ದು.