ಕಂಪನಿ ಕೋಡ್‌ಗೆ ನಮ್ಮದೇ ಗಿಟ್ ಸರ್ವರ್: ಎಲ್ಲರ ಹತ್ತಿರ ಕ್ಲೋನ್ ಇದ್ದರೂ ಬ್ಯಾಕಪ್ ಬೇಕಾ?

ಪ್ರಶ್ನೆ

ನಮಸ್ಕಾರ. ನಮ್ಮದು ಚಿಕ್ಕ ಕಂಪನಿ, ಕೋಡ್ ಬರೆಯುವವರು 12 ಜನ. ಸುಮಾರು 40 ರೆಪೊ (ಒಂದೊಂದು ಪ್ರಾಜೆಕ್ಟಿನ ಕೋಡ್ ಮತ್ತು ಅದರ ಹಿಸ್ಟರಿ ಇರುವ ಸಂಗ್ರಹ) ಇವೆ, ಎಲ್ಲಾ ಕೋಡ್ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ. ಇಷ್ಟು ವರ್ಷ ಹೊರಗಿನ ಒಂದು ಹೋಸ್ಟಿಂಗ್ ಸೇವೆಯಲ್ಲಿ ಇಟ್ಟಿದ್ದೆವು, ಏನೂ ತೊಂದರೆ ಇರಲಿಲ್ಲ. ಈಗ ಒಬ್ಬ ಗ್ರಾಹಕರು ತಮ್ಮ ಕೆಲಸದ ಕೋಡ್ ಮೂರನೆಯವರ ಸೇವೆಯಲ್ಲಿ ಇರಕೂಡದು ಅಂತ ಕರಾರಿನಲ್ಲೇ ಬರೆಸಿದ್ದಾರೆ. ಹಾಗಾದರೆ ಎಲ್ಲವನ್ನೂ ನಮ್ಮ ಸರ್ವರಿಗೇ ತಂದುಬಿಡೋಣ ಅಂತ ಮ್ಯಾನೇಜರ್ ಹೇಳಿದರು, ಕೆಲಸ ನನ್ನ ಪಾಲಿಗೆ ಬಂತು. ನಾನು ಡೆವಲಪರ್. ಸರ್ವರ್ ನೋಡಿಕೊಂಡ ಅನುಭವ ಕಡಿಮೆ.

ಒಂದು ಲಿನಕ್ಸ್ ಮೆಷಿನ್ ಸಿಕ್ಕಿದೆ, 8 ಜಿಬಿ ಮೆಮೊರಿ. ಎಲ್ಲರಿಗೂ ಒಂದೊಂದು ಲಾಗಿನ್ ಕೊಟ್ಟು, ಒಂದು ಬೇರ್ ರೆಪೊ (ಕೆಲಸದ ಫೈಲುಗಳಿಲ್ಲದ, ಹಿಸ್ಟರಿ ಮಾತ್ರ ಇರುವ ರೆಪೊ) ಮಾಡಿ, ಆ ಫೋಲ್ಡರಿಗೆ ಗ್ರೂಪ್ ಪರ್ಮಿಷನ್ ಕೊಟ್ಟೆ. ಎರಡು ದಿನ ಚೆನ್ನಾಗಿ ನಡೆಯಿತು. ಮೂರನೇ ದಿನದಿಂದ ಒಬ್ಬರು ಪುಶ್ ಮಾಡಿದರೆ (ತಮ್ಮ ಬದಲಾವಣೆ ಸರ್ವರಿಗೆ ಕಳಿಸಿದರೆ) ಹೋಗುತ್ತದೆ, ಇನ್ನೊಬ್ಬರು ಮಾಡಿದರೆ ಬರೆಯಲು ಪರ್ಮಿಷನ್ ಇಲ್ಲ ಅಂತ ಬರುತ್ತದೆ. ಅವರೇ ಆ ಕಮಿಟ್ಟನ್ನು (ದಾಖಲಿಸಿದ ಬದಲಾವಣೆಯನ್ನು) ಅಮೆಂಡ್ ಮಾಡಿ, ಅಂದರೆ ತಿದ್ದಿ, ಮತ್ತೆ ಪುಶ್ ಮಾಡಿದರೆ ಒಮ್ಮೊಮ್ಮೆ ಹೋಗಿಬಿಡುತ್ತದೆ.

ಇದು ಯಾಕೆ ಹೀಗೆ? ಇನ್ನೊಂದು ಪ್ರಶ್ನೆ, ಗಿಟ್‌ನಲ್ಲಿ ಪ್ರತಿ ಲ್ಯಾಪ್‌ಟಾಪಿನಲ್ಲೂ ರೆಪೊದ ಪ್ರತಿ (ಕ್ಲೋನ್), ಅದರಲ್ಲಿ ಪೂರ್ತಿ ಹಿಸ್ಟರಿ ಇರುತ್ತದಲ್ಲ, ಹಾಗಿರುವಾಗ ಸರ್ವರಿಗೆ ಬೇರೆ ಬ್ಯಾಕಪ್ ಬೇಕಾ?

ಉತ್ತರ 1

ಮೊದಲ ಪ್ರಶ್ನೆಗೆ ಹೇಳುತ್ತೇನೆ. ನಿಮ್ಮ ಬೇರ್ ರೆಪೊ ಒಳಗೆ ಆಬ್ಜೆಕ್ಟ್ಸ್ ಅನ್ನುವ ಫೋಲ್ಡರ್ ತೆರೆದು ನೋಡಿ. ಎರಡೆರಡು ಅಕ್ಷರದ ಹೆಸರಿರುವ ಚಿಕ್ಕ ಫೋಲ್ಡರುಗಳು ಕಾಣುತ್ತವೆ. ಪ್ರತಿ ಆಬ್ಜೆಕ್ಟಿನ (ಗಿಟ್ ಉಳಿಸುವ ಒಂದೊಂದು ತುಣುಕಿನ) ಹ್ಯಾಶ್‌ನಲ್ಲಿ, ಅಂದರೆ ಅದರ ವಿಷಯದಿಂದಲೇ ಲೆಕ್ಕ ಹಾಕಿದ ಗುರುತಿನಲ್ಲಿ, ಮೊದಲ ಎರಡು ಅಕ್ಷರ ಏನಿದೆಯೋ ಆ ಫೋಲ್ಡರಿಗೆ ಅದು ಹೋಗುತ್ತದೆ, ಹೆಚ್ಚೆಂದರೆ 256 ಫೋಲ್ಡರ್. ಮೊದಲು ಪುಶ್ ಮಾಡಿದವರು ಯಾರೋ ಅವರ ಹೆಸರಿನಲ್ಲೇ ಆ ಫೋಲ್ಡರ್ ಹುಟ್ಟುತ್ತದೆ, ಗ್ರೂಪಿನ ಉಳಿದವರಿಗೆ ಅದರಲ್ಲಿ ಬರೆಯಲು ಆಗುವುದಿಲ್ಲ. ನೀವು ಪರ್ಮಿಷನ್ ಕೊಟ್ಟಿದ್ದು ಆವತ್ತು ಇದ್ದ ಫೋಲ್ಡರುಗಳಿಗೆ ಮಾತ್ರ, ಆಮೇಲೆ ಹುಟ್ಟಿದವಕ್ಕೆ ಅಲ್ಲ. ಅಮೆಂಡ್ ಮಾಡಿದರೆ ಕಮಿಟ್ಟಿನ ಹ್ಯಾಶ್ ಬದಲಾಗುತ್ತದೆ, ಬೇರೆ ಫೋಲ್ಡರಿಗೆ ಬೀಳುತ್ತದೆ, ಅದಕ್ಕೇ ಒಮ್ಮೊಮ್ಮೆ ಹೋಗುತ್ತದೆ.

ಬೇರ್ ರೆಪೊ ಮಾಡುವಾಗಲೇ ಶೇರ್ಡ್ ಆಪ್ಷನ್‌ಗೆ ಗ್ರೂಪ್ ಅಂತ ಕೊಟ್ಟಿದ್ದರೆ ಇದು ಬರುತ್ತಿರಲಿಲ್ಲ. ಆದರೆ ನನ್ನ ಸಲಹೆ ಬೇರೆ. ಹನ್ನೆರಡು ಜನಕ್ಕೆ ಹನ್ನೆರಡು ಲಾಗಿನ್ ಬೇಡವೇ ಬೇಡ. ಗಿಟ್ ಅನ್ನುವ ಒಂದೇ ಯೂಸರ್ ಮಾಡಿ, ಎಲ್ಲರೂ ತಮ್ಮ ತಮ್ಮ ಎಸ್‌ಎಸ್‌ಎಚ್ ಕೀಯಿಂದ (ಪಾಸ್‌ವರ್ಡ್ ಬದಲು ಗುರುತು ತೋರಿಸುವ ಕೀ ಫೈಲ್) ಅದರ ಮೂಲಕವೇ ಬರಲಿ, ಮೇಲೆ ಯಾರಿಗೆ ಯಾವ ರೆಪೊಗೆ ಪ್ರವೇಶ ಅಂತ ನೋಡಿಕೊಳ್ಳುವ ಗಿಟೋಲೈಟ್ ಹಾಕಿ. ಅದರ ಸೆಟ್ಟಿಂಗ್ ಕೂಡ ಒಂದು ಗಿಟ್ ರೆಪೊನೇ. ಹೊಸಬರು ಬಂದರೆ ಅವರ ಪಬ್ಲಿಕ್ ಕೀ ಫೈಲನ್ನು ಅದರಲ್ಲಿ ಹಾಕಿ ಪುಶ್ ಮಾಡುತ್ತೀರಿ, ಕೆಲಸ ಬಿಟ್ಟು ಹೋದರೆ ಆ ಫೈಲ್ ತೆಗೆದು ಪುಶ್ ಮಾಡುತ್ತೀರಿ. ಯಾರಿಗೆ ಯಾವಾಗ ಪ್ರವೇಶ ಕೊಟ್ಟೆವು, ಯಾವಾಗ ತೆಗೆದೆವು ಅನ್ನುವುದಕ್ಕೂ ಹಿಸ್ಟರಿ ಸಿಗುತ್ತದೆ. ನಿಮ್ಮ ಗ್ರಾಹಕರು ನಾಳೆ ಇದನ್ನೇ ಕೇಳಬಹುದು.

ಬ್ರೌಸರಿನಲ್ಲಿ ರಿವ್ಯೂ ಮಾಡಬೇಕು, ಇಶ್ಯೂ ಬರೆದಿಡಬೇಕು ಅಂದರೆ ಗಿಟೀ ಅಥವಾ ಫೋರ್ಜೆಯೊ ನೋಡಿ. ಫೋರ್ಜೆಯೊ 2022ರಲ್ಲಿ ಗಿಟೀಯಿಂದಲೇ ಕವಲೊಡೆದದ್ದು. ಎರಡೂ ಹಗುರ, ನಿಮ್ಮ ಮೆಷಿನ್ನಿಗೆ ಆರಾಮಾಗಿ ಸಾಕು. ಗಿಟ್‌ಲ್ಯಾಬ್ ಕೂಡ 8 ಜಿಬಿಯಲ್ಲಿ ಓಡುತ್ತದೆ, ಆದರೆ ಮೆಮೊರಿ ಬಹಳ ತಿನ್ನುತ್ತದೆ, ಒಬ್ಬರೇ ನೋಡಿಕೊಳ್ಳುವಾಗ ಅಷ್ಟು ದೊಡ್ಡದು ಬೇಕಾ ಅಂತ ಯೋಚಿಸಿ.

ಉತ್ತರ 2

ಎರಡನೇ ಪ್ರಶ್ನೆಗೆ ನನ್ನ ಉತ್ತರ: ಬೇಕು, ಬೇಕೇ ಬೇಕು. ನಮ್ಮಲ್ಲಿ ಸರ್ವರಿನ ಡಿಸ್ಕ್ ಹೋದಾಗ ನಾವೂ ನಿಮ್ಮ ಹಾಗೇ ಅಂದುಕೊಂಡಿದ್ದೆವು. ಮುಖ್ಯ ರೆಪೊ ಅರ್ಧ ಗಂಟೆಯಲ್ಲಿ ವಾಪಸ್ ಬಂತು, ಅದರ ಕ್ಲೋನ್ ಒಂಬತ್ತು ಜನರ ಹತ್ತಿರ ಇತ್ತು. ಸಂಕಟ ಬಂದದ್ದು ಹಳೆಯ ರೆಪೊಗಳಿಂದ. ಎರಡು ವರ್ಷದಿಂದ ಯಾರೂ ಮುಟ್ಟಿರದ ಒಂದು ಡ್ರೈವರ್ ರೆಪೊ ಇತ್ತು. ಅದನ್ನು ಬರೆದವರು ಕೆಲಸ ಬಿಟ್ಟಿದ್ದರು, ಅವರ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಆಗಿ ಬೇರೆಯವರ ಕೈಗೆ ಹೋಗಿತ್ತು. ಅದರ ಪ್ರತಿ ಇದ್ದದ್ದು ಸತ್ತುಹೋದ ಆ ಡಿಸ್ಕಿನಲ್ಲಿ ಮಾತ್ರ. ಕೊನೆಗೆ ಗ್ರಾಹಕರ ಹತ್ತಿರ ಇದ್ದ ಒಂದು ಜಿಪ್ ಫೈಲ್ ಸಿಕ್ಕಿತು, ಕೋಡ್ ಬಂತು, ಹಿಸ್ಟರಿ ಪೂರ್ತಿ ಹೋಯಿತು. ಯಾವ ಸಾಲನ್ನು ಯಾಕೆ ಹಾಗೆ ಬರೆದಿದ್ದಾರೆ ಅಂತ ಕೇಳೋಣ ಅಂದರೆ ಕಮಿಟ್ ಮೆಸೇಜೂ ಇಲ್ಲ, ಮನುಷ್ಯರೂ ಇಲ್ಲ.

ಇನ್ನೊಂದು ವಿಷಯ. ಲ್ಯಾಪ್‌ಟಾಪಿನಿಂದ ಹೊಸ ಸರ್ವರಿಗೆ ಪುಶ್ ಮಾಡುವಾಗ ಆಲ್ ಅಂತ ಕೊಟ್ಟರೂ ನಿಮ್ಮ ಲೋಕಲ್ ಬ್ರಾಂಚುಗಳು (ಕೆಲಸದ ಕವಲುಗಳು) ಮಾತ್ರ ಹೋಗುತ್ತವೆ. ಒರಿಜಿನ್ (ಹಳೆಯ ಸರ್ವರ್) ಹೆಸರಿನಡಿ ಇರುವ ಬೇರೆಯವರ ಬ್ರಾಂಚುಗಳನ್ನು, ಟ್ಯಾಗುಗಳನ್ನು (ಆವೃತ್ತಿಗಳಿಗೆ ಇಟ್ಟ ಗುರುತುಗಳನ್ನು) ಬೇರೆಯಾಗಿ ಕಳಿಸಬೇಕು. ಸರ್ವರಿನಲ್ಲಿದ್ದ ಹುಕ್ (ಪುಶ್ ಆದಾಗ ತಾನಾಗಿ ಓಡುವ ಸ್ಕ್ರಿಪ್ಟ್), ಪರ್ಮಿಷನ್, ಇಶ್ಯೂ, ರಿವ್ಯೂ ಕಾಮೆಂಟ್ ಯಾವ ಕ್ಲೋನಿನಲ್ಲೂ ಇರುವುದಿಲ್ಲ.

ಮಿರರ್ (ಸರ್ವರಿನಲ್ಲಿ ಇದ್ದದ್ದನ್ನು ಆಗಾಗ ಹಾಗೇ ನಕಲು ಮಾಡುವ ಇನ್ನೊಂದು ಸರ್ವರ್) ಇದ್ದರೆ ಸಾಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ. 2013ರಲ್ಲಿ ಕೆಡಿಇ (ಲಿನಕ್ಸ್ ಡೆಸ್ಕ್‌ಟಾಪ್ ಮಾಡುವ) ಯೋಜನೆಯ ಗಿಟ್ ಸರ್ವರಿನಲ್ಲಿ ಫೈಲ್ ಸಿಸ್ಟಮ್ ಕೆಟ್ಟಿತು. ಸುಮಾರು 1500 ರೆಪೊ. ಮಿರರುಗಳು ತಮ್ಮ ಕೆಲಸ ಸರಿಯಾಗಿಯೇ ಮಾಡಿ, ಕೆಟ್ಟದ್ದನ್ನೂ ಹಾಗೇ ನಕಲು ಮಾಡಿಕೊಂಡವು. ಒಂದೇ ಒಂದು ಸರ್ವರಿನಲ್ಲಿ ಸರಿಯಾದ ಪ್ರತಿ ಉಳಿದಿತ್ತು, ಅದರಿಂದ ಬಚಾವಾದರು. ಮಿರರಿಗೆ ನಿನ್ನೆ ಮೊನ್ನೆಯ ನೆನಪು ಇರುವುದಿಲ್ಲ, ಬ್ಯಾಕಪ್ಪಿಗೆ ಇರಬೇಕು. ನಾನು ಈಗ ದಿನಾ ರಾತ್ರಿ ಪ್ರತಿ ರೆಪೊಗೂ ಗಿಟ್ ಬಂಡಲ್ ತೆಗೆಯುತ್ತೇನೆ, ಎಲ್ಲಾ ಬ್ರಾಂಚ್ ಮತ್ತು ಟ್ಯಾಗ್ ಸೇರಿ ಒಂದೇ ಫೈಲ್. ತಾರೀಖು ಹಾಕಿ ಬೇರೆ ಕಡೆ ಇಡುತ್ತೇನೆ, ಹಳೆಯದರ ಮೇಲೆ ಬರೆಯುವುದಿಲ್ಲ. ತಿಂಗಳಿಗೊಮ್ಮೆ ಖಾಲಿ ಮೆಷಿನ್ನಿನಲ್ಲಿ ಆ ಫೈಲುಗಳಿಂದಲೇ ಕ್ಲೋನ್ ಮಾಡಿ, ಗಿಟ್‌ನ ಎಫ್‌ಎಸ್‌ಸಿಕೆ (ರೆಪೊ ಕೆಟ್ಟಿಲ್ಲವೇ ಅಂತ ಪರೀಕ್ಷಿಸುವ ಕಮಾಂಡ್) ಓಡಿಸಿ ನೋಡುತ್ತೇನೆ. ಈ ಕೊನೆಯ ಹೆಜ್ಜೆ ದಯವಿಟ್ಟು ಬಿಡಬೇಡಿ. 2017ರ ಜನವರಿ 31ರಂದು ಗಿಟ್‌ಲ್ಯಾಬ್‌ನವರ ಡೇಟಾಬೇಸ್ ತಪ್ಪಿ ಅಳಿಸಿಹೋದಾಗ ಗೊತ್ತಾಗಿದ್ದೇ ಇದು, ಡೇಟಾಬೇಸ್ ಬ್ಯಾಕಪ್ ಬಹಳ ದಿನದಿಂದ ಫೇಲ್ ಆಗುತ್ತಿತ್ತು, ಫೇಲ್ ಆಗಿದೆ ಅಂತ ಹೇಳುವ ಮೇಲ್ ಕೂಡ ಯಾರಿಗೂ ತಲುಪುತ್ತಿರಲಿಲ್ಲ. ರೆಪೊಗಳಿಗೆ ಏನೂ ಆಗಲಿಲ್ಲ, ಆದರೆ ಸುಮಾರು ಆರು ಗಂಟೆಯ ಇಶ್ಯೂ, ಕಾಮೆಂಟುಗಳು ಹೋದವು.

ಉತ್ತರ 3

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ಎಲ್ಲಾ 40 ರೆಪೊ ಯಾಕೆ ತರುತ್ತೀರಿ? ಕರಾರು ಒಬ್ಬ ಗ್ರಾಹಕರದು. ಅವರ ರೆಪೊಗಳನ್ನು ಮಾತ್ರ ತನ್ನಿ, ಉಳಿದದ್ದು ಇದ್ದಲ್ಲೇ ಇರಲಿ. ಮೂರನೆಯವರು ಅಂದರೆ ಅವರ ಲೆಕ್ಕದಲ್ಲಿ ಯಾರು, ಬಾಡಿಗೆ ಸರ್ವರ್ ನಡೆಯುತ್ತದಾ, ಬ್ಯಾಕಪ್ ಎಲ್ಲಿರಬೇಕು ಅಂತ ಬರಹದಲ್ಲೇ ಕೇಳಿಕೊಳ್ಳಿ.

ನಮ್ಮ ಮನೆಯಲ್ಲೇ ಇದ್ದರೆ ಭದ್ರ ಅಂತ ಅನಿಸುತ್ತದೆ, ಆದರೆ ಅಪ್‌ಡೇಟ್ ಹಾಕುವವರು, ಲಾಗ್ ನೋಡುವವರು ಇದ್ದರೆ ಮಾತ್ರ ಅದು ನಿಜ. 2021ರ ಮಾರ್ಚ್‌ನಲ್ಲಿ ಪಿಎಚ್‌ಪಿ ಭಾಷೆಯವರ ಸ್ವಂತ ಗಿಟ್ ಸರ್ವರಿನಲ್ಲಿ ಯಾರೋ ಅಲ್ಲಿನ ಇಬ್ಬರು ಮುಖ್ಯ ಡೆವಲಪರುಗಳ ಹೆಸರಿನಲ್ಲಿ ಎರಡು ಕೆಟ್ಟ ಕಮಿಟ್ ಹಾಕಿದ್ದರು. ಬೇಗ ಕಣ್ಣಿಗೆ ಬಿತ್ತು, ಸದ್ಯ. ಆಮೇಲೆ ಅವರು ಸ್ವಂತ ಸರ್ವರ್ ನಡೆಸುವುದು ಬೇಡ ಅಂತ ಗಿಟ್‌ಹಬ್‌ಗೆ ಹೋದರು. ಅವರಲ್ಲಿ ಎಸ್‌ಎಸ್‌ಎಚ್ ಜೊತೆಗೆ ಪಾಸ್‌ವರ್ಡ್ ಹಾಕಿ ಪುಶ್ ಮಾಡುವ ಇನ್ನೊಂದು ದಾರಿಯೂ ತೆರೆದಿತ್ತು. ನೀವು ಕೀ ಬಿಟ್ಟು ಬೇರೆ ದಾರಿ ಇಡಬೇಡಿ, ಸರ್ವರನ್ನು ವಿಪಿಎನ್ ಒಳಗೆ ಇಡಿ. ಇದೆಲ್ಲ ಗೊತ್ತಿರುವ ಎರಡನೇ ವ್ಯಕ್ತಿ ಒಬ್ಬರನ್ನು ಈಗಲೇ ತಯಾರು ಮಾಡಿ, ನೀವು ರಜೆ ಹಾಕಿದ ದಿನ ಸರ್ವರ್ ಕೈಕೊಟ್ಟರೆ ಯಾರು ನೋಡುತ್ತಾರೆ ಅಲ್ವಾ?

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪರ್ಮಿಷನ್ ವಿಷಯ ಹೇಳಿದ ಹಾಗೇ ಇತ್ತು, ಆಬ್ಜೆಕ್ಟ್ಸ್ ಒಳಗೆ ಅರ್ಧ ಫೋಲ್ಡರ್ ನನ್ನ ಹೆಸರಲ್ಲಿ, ಅರ್ಧ ಇನ್ನೊಬ್ಬರ ಹೆಸರಲ್ಲಿ. ಎಲ್ಲಾ ತೆಗೆದು ಗಿಟೋಲೈಟ್ ಹಾಕಿದೆ. ಆ ಗ್ರಾಹಕರ ಆರು ರೆಪೊ ಮಾತ್ರ ತರುವುದು ಅಂತ ಮ್ಯಾನೇಜರ್ ಒಪ್ಪಿದ್ದಾರೆ.

ಉತ್ತರ 2 ಓದಿದ ಮೇಲೆ ಸುಮ್ನೆ ಕೂರಲು ಆಗಲಿಲ್ಲ, 40 ರೆಪೊಗಳಲ್ಲಿ ಯಾವುದು ಯಾರ ಹತ್ತಿರ ಇದೆ ಅಂತ ಎಲ್ಲರನ್ನೂ ಕೇಳಿ ಪಟ್ಟಿ ಮಾಡಿದೆ. ಏಳು ರೆಪೊ ಯಾರ ಲ್ಯಾಪ್‌ಟಾಪಿನಲ್ಲೂ ಇಲ್ಲ. ಅವಕ್ಕೆ ಇವತ್ತೇ ಬಂಡಲ್ ತೆಗೆದೆ. ಒಂದು ಅನುಮಾನ, ಒಂದು ರೆಪೊದಲ್ಲಿ ದೊಡ್ಡ ಫೈಲುಗಳು ಎಲ್‌ಎಫ್‌ಎಸ್‌ನಲ್ಲಿ (ದೊಡ್ಡ ಫೈಲುಗಳನ್ನು ಬೇರೆಯಾಗಿ ಇಡುವ ಗಿಟ್ ಸೌಲಭ್ಯ) ಇವೆ. ಅದರ ಬಂಡಲ್ ತುಂಬಾ ಚಿಕ್ಕದಾಗಿ ಬಂತು. ಸರಿನಾ?

ಉತ್ತರ 2

ಸರಿಯಿಲ್ಲ, ಒಳ್ಳೆಯದಾಯಿತು ಈಗಲೇ ನೋಡಿದ್ದು. ಎಲ್‌ಎಫ್‌ಎಸ್ ಫೈಲುಗಳು ಗಿಟ್ ಒಳಗೆ ಇರುವುದಿಲ್ಲ, ಅದರ ಗುರುತು ಮಾತ್ರ ಒಂದು ಚಿಕ್ಕ ಟೆಕ್ಸ್ಟ್ ಫೈಲಾಗಿ ಇರುತ್ತದೆ. ಬಂಡಲ್‌ನಲ್ಲಿ ಬಂದದ್ದು ಆ ಗುರುತು. ಗಿಟ್ ಎಲ್‌ಎಫ್‌ಎಸ್ ಫೆಚ್ ಅನ್ನು ಆಲ್ ಆಪ್ಷನ್ ಜೊತೆ ಓಡಿಸಿ, ಆಮೇಲೆ ರೆಪೊ ಒಳಗಿನ ಎಲ್‌ಎಫ್‌ಎಸ್ ಫೋಲ್ಡರನ್ನು ಬಂಡಲ್ ಪಕ್ಕದಲ್ಲೇ ನಕಲು ಮಾಡಿ ಇಡಿ. ಬೇರೆ ಮೆಷಿನ್ನಿನಲ್ಲಿ ತೆರೆದು ನೋಡುವಾಗ ಒಂದು ದೊಡ್ಡ ಫೈಲ್ ನಿಜವಾಗಿ ತೆರೆಯುತ್ತದಾ ಅಂತ ಕಣ್ಣಾರೆ ನೋಡಿ.